ತುಳಸಿ ಎಲೆಯ ಅಡಿ ಕರಿ ಚುಕ್ಕೆ: ಇದು ಲೇಸ್ ಬಗ್ ಇರಬಹುದಾ?

ಪ್ರಶ್ನೆ: ನಮ್ಮ ತುಳಸಿಯ ಎಲೆಗಳು ಮುರುಟಿ ಒಣಗುತ್ತಿವೆ. ಅಡಿಯಲ್ಲಿ ಪುಟ್ಟ ಹುಳುಗಳು, ಕರಿ ಚುಕ್ಕೆಗಳು. ಇದು ಲೇಸ್ ಬಗ್ಗಾ? ಪಕ್ಕದ ಬದನೆಗೂ ಹರಡುತ್ತದಾ?

ಲೇಸ್ ಬಗ್, ಅಂದರೆ ಎಲೆಯ ರಸ ಹೀರುವ ಪುಟ್ಟ ಕೀಟ, ಇರುವ ಸಾಧ್ಯತೆಯೇ ಜಾಸ್ತಿ. ಆದರೆ ಬದನೆಯ ಬಗ್ಗೆ ಚಿಂತೆ ಬೇಡ.

ಒಂದು ಎಲೆ ಕಿತ್ತು, ತಿರುಗಿಸಿ, ಭೂತಗನ್ನಡಿಯಲ್ಲಿ ನೋಡಿ. ಬೆಳೆದ ಹುಳು ಎರಡು-ಮೂರು ಮಿಲಿಮೀಟರ್ ಉದ್ದ, ಚಪ್ಪಟೆ. ರೆಕ್ಕೆ, ಭುಜ ಎರಡರ ಮೇಲೂ ಕಿಟಕಿಯ ಜಾಲರಿಯಂಥ ಸಣ್ಣ ಸಣ್ಣ ಕಣ್ಣುಗಳಿರುತ್ತವೆ. ಈ ಜಾಲರಿ ಕಂಡರೆ ಅನುಮಾನವೇ ಬೇಡ. ಮರಿಗಳಿಗೆ ರೆಕ್ಕೆ ಇರುವುದಿಲ್ಲ. ಹಲವು ಜಾತಿಗಳಲ್ಲಿ ಅವುಗಳ ಮೈತುಂಬ ಮುಳ್ಳು. ಕರಿ ಚುಕ್ಕೆಗಳು ಅವುಗಳ ಹಿಕ್ಕೆ. ರಸ ಹೀರಿದ ಕಡೆ ಎಲೆಯ ಮೇಲ್ಭಾಗದಲ್ಲಿ ಬಿಳಿ ಚುಕ್ಕೆ ಬೀಳುತ್ತದೆ. ನುಸಿ ಹತ್ತಿದರೂ ಹೀಗೇ ಆಗುತ್ತದೆ, ಆದರೆ ಕೆಂಪು ನುಸಿ ಇದ್ದಲ್ಲಿ ತೆಳು ಬಲೆ ಕಾಣುತ್ತದೆ, ಈ ಕರಿ ಹಿಕ್ಕೆ ಇರುವುದಿಲ್ಲ.

ಇನ್ನು ಹರಡುವ ಮಾತು. ಲೇಸ್ ಬಗ್‌ಗಳಲ್ಲಿ 2000ಕ್ಕೂ ಹೆಚ್ಚು ಜಾತಿಗಳಿವೆ. ಬಹುತೇಕ ಜಾತಿಗಳು ಕೆಲವೇ ಗಿಡಗಳಿಗೆ ಅಂಟಿಕೊಂಡು ಬದುಕುತ್ತವೆ. ಹಾಗಾಗಿ ಹುಳು ಯಾವುದು ಅಂತ ತಿಳಿಯಲು ನಾನು ಮೊದಲು ಗಿಡ ಯಾವುದು ಅಂತಲೇ ಕೇಳುತ್ತೇನೆ. ತುಳಸಿ, ಕಾಮಕಸ್ತೂರಿಗಳ ಮೇಲಿರುವುದು ಕಾಕ್ಲೊಕೈಲಾ ಬುಲ್ಲಿಟಾ ಎಂಬ ಜಾತಿ. ಬದನೆಗೆ ಬರುವುದು ಬೇರೆಯೇ ಲೇಸ್ ಬಗ್, ಯುರೆಂಟಿಯಸ್; ಅದಕ್ಕೆ ಒಣ ಬೇಸಿಗೆ ಇಷ್ಟ. ಬಾಳೆಯ ಸ್ಟೆಫನೈಟಿಸ್ ಟಿಪಿಕಾ ಮಾತ್ರ ಸ್ವಲ್ಪ ಧಾರಾಳಿ: ಏಲಕ್ಕಿ, ಅರಿಶಿನ, ತೆಂಗಿನಲ್ಲೂ ಇರುತ್ತದೆ. ಕೇರಳದ ತೆಂಗಿನ ಬೇರು ಸೊರಗು ರೋಗವನ್ನು ಹರಡುವ ಕೀಟಗಳಲ್ಲಿ ಇದೂ ಒಂದು.

ಈ ಗಿಡನಿಷ್ಠೆಯನ್ನೇ ನಂಬಿ 1941ರಲ್ಲಿ ಲಂಟಾನ ಎಂಬ ಕಳೆಗಿಡವನ್ನು ತಿನ್ನಿಸಲೆಂದು ಒಂದು ಲೇಸ್ ಬಗ್ಗನ್ನು ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದರು. ಅದು ಇಲ್ಲೇ ನೆಲೆಯೂರಿತು. ಬಂಡೀಪುರದ ಲಂಟಾನ ಮಾತ್ರ ಕಡಿಮೆಯಾಗಲಿಲ್ಲ.

ನಿಮ್ಮ ತುಳಸಿಗೆ ವಿಷ ಹೊಡೆಯಬೇಡಿ, ಆ ಎಲೆಯನ್ನು ಬಾಯಿಗೆ ಹಾಕಿಕೊಳ್ಳುತ್ತೀರಿ ಅಲ್ವಾ? ಮುರುಟಿದ ಕುಡಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಬಿಸಾಡಿ. ಮೊಟ್ಟೆಗಳು ಎಲೆಯೊಳಗೇ ಹುದುಗಿರುವುದರಿಂದ ಸುಮ್ನೆ ತೊಳೆದರೆ ಸಾಲದು. ಉಳಿದ ಎಲೆಗಳ ಅಡಿಗೆ ಜೋರಾಗಿ ನೀರು ಹಾಯಿಸಿ. ಮರಿಗಳು ಮತ್ತೆ ಹೊರಬರುತ್ತವೆ, ಆದ್ದರಿಂದ ಕೆಲವು ದಿನ ಬಿಟ್ಟು ಇದನ್ನೇ ಇನ್ನೊಮ್ಮೆ ಮಾಡಿ.