ಬಣ್ಣ ಹಚ್ಚಿದ ಅಲೆಕ್ ಗಿನ್ನೆಸ್

ರಾಮನಗರದ ಬಂಡೆ ಅಂದರೆ ನಮಗೆಲ್ಲ ನೆನಪಾಗೋದು ‘ಶೋಲೆ’. ಆದರೆ ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಕೂಡ ಅಲ್ಲಿಗೆ ಕ್ಯಾಮೆರಾ ಹೊತ್ತು ತಂದಿದ್ದರು. 1984ರಲ್ಲಿ ತೆರೆಕಂಡ ‘ಎ ಪ್ಯಾಸೇಜ್ ಟು ಇಂಡಿಯಾ’ದ ಮರಾಬಾರ್ ಗುಹೆಗಳು ನಿಜದಲ್ಲಿ ಸಾವನದುರ್ಗ ಮತ್ತು ರಾಮನಗರದ ಬೆಟ್ಟಗಳು. ಡಾಕ್ಟರ್ ಅಜೀಜ್ ಆಗಿದ್ದು ವಿಕ್ಟರ್ ಬ್ಯಾನರ್ಜಿ, ಹಮೀದುಲ್ಲಾ ಆಗಿದ್ದು ಸಯೀದ್ ಜಾಫ್ರಿ. ಬ್ರಾಹ್ಮಣ ಪ್ರೊಫೆಸರ್ ಗೋಡಬೋಲೆ ಮಾತ್ರ ಲಂಡನ್ನಿನವರು: ಸರ್ ಅಲೆಕ್ ಗಿನ್ನೆಸ್, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು.

1984ರಲ್ಲೂ ಹೀಗಾ ಅನ್ನಿಸುತ್ತೆ, ಅಲ್ವಾ? ಇದು ಶುರುವಾದದ್ದು ಬಹಳ ಹಿಂದೆ.

ಗಿನ್ನೆಸ್ ಹುಟ್ಟಿದ್ದು 1914ರಲ್ಲಿ. ಅವರ ಜನನ ಪತ್ರದಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಮೊದಲು ಜಾಹೀರಾತು ಕಂಪನಿಯೊಂದರಲ್ಲಿ ಬರೆಯುವ ಕೆಲಸ, ಆಮೇಲೆ ನಾಟಕ, ಯುದ್ಧ ಬಂದಾಗ ನೌಕಾಪಡೆ. ತನ್ನದೇ ಮುಖಕ್ಕೆ ಅಂಟಿಕೊಳ್ಳದ ನಟ ಅವರು. ನಮ್ಮಲ್ಲಿ ನಟನೆಗೆ ಇಳಿಯೋದನ್ನೇ ‘ಬಣ್ಣ ಹಚ್ಚೋದು’ ಅಂತೀವಲ್ಲ, ಆ ಮಾತು ಅವರಿಗೆ ಅಕ್ಷರಶಃ ಒಪ್ಪುತ್ತದೆ.

1948ರಲ್ಲಿ ಇದೇ ಲೀನ್ ಮಾಡಿದ ‘ಆಲಿವರ್ ಟ್ವಿಸ್ಟ್’ನಲ್ಲಿ ಫೇಗಿನ್ ಅನ್ನೋ ಯಹೂದಿ ಕಳ್ಳನ ಪಾತ್ರ ಬೇಕೆಂದು ಅವರೇ ಕೇಳಿದರು. ಲೀನ್‌ಗೆ ನಂಬಿಕೆ ಇರಲಿಲ್ಲ. ಮೇಕಪ್ ಹಾಕಿಕೊಂಡು ಬಂದ ಮೇಲೆ ಒಪ್ಪಿದರು. ಆ ಉದ್ದ ಮೂಗು ಡಿಕನ್ಸ್‌ನ ಮೂಲ ಕಾದಂಬರಿಯ ಹಳೆಯ ಚಿತ್ರಗಳಿಂದ ಎತ್ತಿದ್ದು. ಯುದ್ಧ ಮುಗಿದು ಮೂರೇ ವರ್ಷ. ಯಹೂದಿಯೆಂದರೆ ಕೊಕ್ಕೆ ಮೂಗಿನ ಕಳ್ಳ ಎಂಬ ಆ ಮುಖ ಯಾರನ್ನು ಚುಚ್ಚುತ್ತದೆ ಅಂತ ಚಿತ್ರ ಮಾಡಿದವರು ಹೆಚ್ಚು ತಲೆಕೆಡಿಸಿಕೊಂಡಂತಿಲ್ಲ. 1949ರಲ್ಲಿ ಬರ್ಲಿನ್‌ನಲ್ಲಿ ಯಹೂದಿಗಳು ಬೀದಿಗಿಳಿದರು. ಅಮೆರಿಕದಲ್ಲಿ ಚಿತ್ರ ಬಿಡುಗಡೆಯಾಗಿದ್ದು 1951ರಲ್ಲಿ, ಅದೂ ಕತ್ತರಿ ಬಿದ್ದ ಮೇಲೆ. (ಆ ಮೇಕಪ್ ಮಾಡಿದ ಸ್ಟುವರ್ಟ್ ಫ್ರೀಬಾರ್ನ್ ಅವರೇ ಎಷ್ಟೋ ವರ್ಷಗಳ ನಂತರ ‘ಸ್ಟಾರ್ ವಾರ್ಸ್’ ಸರಣಿಯ ಯೋಡಾ ಅನ್ನೋ ಪುಟ್ಟ ಹಸಿರು ಜೀವಿಗೆ ರೂಪ ಕೊಟ್ಟರು.)

ಅದೇ 1949ರಲ್ಲಿ ‘ಕೈಂಡ್ ಹಾರ್ಟ್ಸ್ ಆ್ಯಂಡ್ ಕೊರೊನೆಟ್ಸ್’ ಬಂತು. ಒಂದೇ ಶ್ರೀಮಂತ ಕುಟುಂಬದ ಎಂಟು ಮಂದಿಯೂ ಗಿನ್ನೆಸ್ಸೇ, ಒಬ್ಬ ಹೆಂಗಸೂ ಸೇರಿ! ಜನ ಬಿದ್ದು ಬಿದ್ದು ನಕ್ಕರು. ವೇಷ ಕಟ್ಟುವ ಕಲೆ ಎರಡರಲ್ಲೂ ಒಂದೇ. ಇಲ್ಲಿ ಗೇಲಿಗೆ ಸಿಕ್ಕಿದ್ದು ತಮ್ಮದೇ ದೇಶದ ದೊಡ್ಡ ಮನೆಯವರು, ಅಷ್ಟೇ ವ್ಯತ್ಯಾಸ. ಆದರೆ ಅದು ಸಣ್ಣದಲ್ಲ.

1957ರ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ನ ಕರ್ನಲ್ ನಿಕಲ್ಸನ್ ಪಾತ್ರಕ್ಕೆ ಆಸ್ಕರ್ ಬಂತು, ಎರಡು ವರ್ಷಕ್ಕೆ ‘ಸರ್’ ಪದವಿ. ಇಷ್ಟಾದರೂ ಪರರ ಮುಖ ಬಿಡಲಿಲ್ಲ. 1961ರಲ್ಲಿ ‘ಎ ಮೆಜಾರಿಟಿ ಆಫ್ ಒನ್’ನಲ್ಲಿ ಜಪಾನಿ ವ್ಯಾಪಾರಿ, 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಅರಬ್ ರಾಜಕುಮಾರ ಫೈಸಲ್. ಅದೇ ಚಿತ್ರದಲ್ಲಿ ಈಜಿಪ್ಟಿನ ಒಮರ್ ಷರೀಫ್ ಮೊದಲ ನೋಟಕ್ಕೇ ಗೆದ್ದರು. ಅಂದರೆ ಆ ಕಡೆಯ ನಟರು ಸಿಗುತ್ತಿರಲಿಲ್ಲ ಅನ್ನೋ ಹಾಗಿಲ್ಲ. ಟಿಕೆಟ್ ಮಾರಲು ಪರಿಚಿತ ಹೆಸರು ಬೇಕಿತ್ತು. ಒಳ್ಳೆಯ ನಟ ಯಾರು ಬೇಕಾದರೂ ಆಗಬಲ್ಲ ಅನ್ನೋ ನಂಬಿಕೆಯೂ ಲಂಡನ್ ರಂಗಭೂಮಿಯಲ್ಲಿ ಗಟ್ಟಿಯಾಗಿತ್ತು.

ಹಣ ಜಾಸ್ತಿ ತಂದಿದ್ದು ಮಾತ್ರ ಸ್ವಂತ ಮುಖವೇ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಬಿಳಿ ಗಡ್ಡ, ಒಂದು ನಿಲುವಂಗಿ, ಅಷ್ಟೇ. ಲಾಭದಲ್ಲಿ ಪಾಲು ಬರುತ್ತಿತ್ತು, ಆದರೂ ಆ ಚಿತ್ರದ ಮಾತು ಎತ್ತಿದರೆ ಮುಖ ಸಿಂಡರಿಸುತ್ತಿದ್ದರು. ನನ್ನನ್ನು ಕೇಳಿದರೆ, ಅವರ ಅತ್ಯುತ್ತಮ ಕೆಲಸ 1979ರ ಟಿವಿ ಸರಣಿಯ ಗೂಢಚಾರ ಜಾರ್ಜ್ ಸ್ಮೈಲಿ. ಅಲ್ಲಿ ಬಣ್ಣವಿಲ್ಲ. ಕನ್ನಡಕ ಒರೆಸುತ್ತಾ ಸುಮ್ನೆ ಕೂತು, ಎದುರಿನವರನ್ನು ಬೆವರಿಸುತ್ತಾರೆ.

ಅದಾದ ಮೇಲೆ ಗೋಡಬೋಲೆ. ಲೀನ್ ಜೊತೆ ಆರನೇ ಚಿತ್ರ. ಪಾತ್ರಕ್ಕೊಂದು ಕುಣಿತವಿತ್ತು, ಗಿನ್ನೆಸ್ ಅದನ್ನು ಕಲಿತು ತಯಾರಾಗಿದ್ದರು. ಲೀನ್ ಎಡಿಟಿಂಗ್‌ನಲ್ಲಿ ಅದನ್ನು ಕಿತ್ತುಹಾಕಿದರು. ಅದೇ ಲೀನ್‌ರ ಕೊನೆಯ ಚಿತ್ರವೂ ಆಯಿತು. ಉಳಿದಿರುವುದು ಮುಂಡಾಸು ಸುತ್ತಿ, ಬಣ್ಣ ಬಳಿದ ಮುಖದಲ್ಲಿ ಕೈ ಮುಗಿದು ನಿಂತ ಗಿನ್ನೆಸ್.