ಯಾವ ಬೋರಿಗೆ ಒಂದೇ ಏಟಿಗೆ ಬೀಳ್ತಾನೆ?

ಬಂದೂಕಿನ ಲೈಸನ್ಸ್ ಕೈಗೆ ಸಿಕ್ಕಿದವರು ನನ್ನ ರಿಪೇರಿ ಮೇಜಿನ ಮುಂದೆ ಬಂದು ಕೇಳುವ ಪ್ರಶ್ನೆ ಒಂದೇ. ಅಡಿಕೆ ವ್ಯಾಪಾರಿಯಿರಲಿ, ಚಿನ್ನದ ಅಂಗಡಿಯವರಿರಲಿ, ಗಲ್ಫಿನಿಂದ ಬಂದು ಗುಡ್ಡದ ಮೇಲೆ ಒಂಟಿ ಮನೆ ಕಟ್ಟಿಸಿದವರಿರಲಿ. "ಒಂದೇ ಏಟಿಗೆ ಬೀಳಬೇಕು. ಯಾವ ಬೋರು ತೆಗೊಳ್ಳಲಿ?" ಬೋರು ಅಂದರೆ ಬಂದೂಕಿನ ನಳಿಗೆಯ ಒಳಗಿನ ಅಗಲ. ಕಾಸರಗೋಡಲ್ವಾ, ಕನ್ನಡದಲ್ಲಿ ಕೇಳುತ್ತಾರೆ, ತುಳುವಿನಲ್ಲಿ ಕೇಳುತ್ತಾರೆ, ಮಲಯಾಳದಲ್ಲಿ ಕೇಳುತ್ತಾರೆ. ಪ್ರಶ್ನೆ ಮಾತ್ರ ಬದಲಾಗುವುದಿಲ್ಲ.

ನಾನು ಸೇನೆಯಲ್ಲಿ ಆರ್ಮರರ್ ಆಗಿದ್ದವನು. ಬಂದೂಕು ಬಿಚ್ಚುವುದು, ತೊಳೆಯುವುದು, ಜೋಡಿಸುವುದು ನನ್ನ ಕೆಲಸ. ನಿವೃತ್ತಿಯಾದ ಮೇಲೂ ಪರವಾನಗಿ ಇರುವ ಅಂಗಡಿಯೊಂದರಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ಬಂದೂಕು ಬೇಕಾ ಬೇಡವಾ ಎಂದು ಹೇಳುವವನು ನಾನಲ್ಲ. ಅದನ್ನು ಕಲೆಕ್ಟರೇಟಿನವರು ನೋಡಿಕೊಳ್ಳುತ್ತಾರೆ. ಆದರೆ ಬೋರಿನ ವಿಷಯದಲ್ಲಿ ಜನ ತಲೆಯಲ್ಲಿ ತುಂಬಿಕೊಂಡಿರುವುದನ್ನು ಕೇಳಿ ಕೇಳಿ ಸಾಕಾಗಿದೆ.

ಪಿಸ್ತೂಲು, ರಿವಾಲ್ವರಿನ ಗುಂಡು ಯಾರನ್ನೂ ನೂಕಿ ಬೀಳಿಸುವುದಿಲ್ಲ. ಯಾವ ಬೋರಿನದ್ದೂ ಇಲ್ಲ. ಸಿನಿಮಾದಲ್ಲಿ ಗುಂಡು ತಾಗಿದ ಖಳನಾಯಕ ಹಿಂದಕ್ಕೆ ಹಾರಿ, ಗಾಜು ಒಡೆದು, ಮಾಳಿಗೆಯಿಂದ ಕೆಳಗೆ ಬೀಳುತ್ತಾನೆ. ಅವನನ್ನು ಹಿಂದಿನಿಂದ ಹಗ್ಗ ಕಟ್ಟಿ ಎಳೆದಿರುತ್ತಾರೆ ಮಾರಾಯ್ರೇ.

ಬೇಕಾದರೆ ಲೆಕ್ಕ ಹಾಕಿ. ನಮ್ಮಲ್ಲಿ ಜಾಸ್ತಿ ಕಾಣುವ .32 ರಿವಾಲ್ವರಿನ ಗುಂಡು ಸುಮಾರು 6.3 ಗ್ರಾಂ ತೂಗುತ್ತದೆ. ಸೆಕೆಂಡಿಗೆ ಸುಮಾರು 215 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ನೂಕುವ ಬಲವಿಷ್ಟೂ 70 ಕಿಲೋ ತೂಕದ ಮನುಷ್ಯನಿಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಅವನು ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ 2 ಸೆಂಟಿಮೀಟರ್. ಎಲ್ಲರೂ ಬಾಯಿ ಚಪ್ಪರಿಸುವ 9 ಎಂಎಂ ಗುಂಡು 8 ಗ್ರಾಂ, ವೇಗ 350 ಮೀಟರ್. ಅದರಲ್ಲಿ 4 ಸೆಂಟಿಮೀಟರ್. ಅಮೆರಿಕದವರ ಹೆಮ್ಮೆಯ .45ರಲ್ಲಿ ಐದೂವರೆ. ಈಗ 160 ಗ್ರಾಂನ ಕ್ರಿಕೆಟ್ ಚೆಂಡನ್ನು ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಎಸೆದರೆ? ಏಳೂವರೆ ಸೆಂಟಿಮೀಟರ್. ಅಂದರೆ ನೂಕುವ ಲೆಕ್ಕದಲ್ಲಿ ಈ ಮೂರು ಗುಂಡಿಗಿಂತಲೂ ಚೆಂಡೇ ಮೇಲು. ಚೆಂಡು ಎದೆಗೆ ಬಡಿದ ಬ್ಯಾಟ್ಸ್‌ಮನ್ ಹಾರಿ ಬೌಂಡರಿ ಆಚೆ ಬಿದ್ದದ್ದನ್ನು ಯಾರಾದರೂ ನೋಡಿದ್ದೀರಾ?

ಇಷ್ಟು ಹೇಳಿದ ಮೇಲೂ ಕೆಲವರು ತಲೆಯಾಡಿಸಿ, "ಆದರೂ ದೊಡ್ಡ ಬೋರು ದೊಡ್ಡದೇ ಅಲ್ವಾ?" ಅನ್ನುತ್ತಾರೆ. ಅವರಿಗೆ ಶಾಲೆಯ ಪಾಠ ನೆನಪಿಸುತ್ತೇನೆ. ಗುಂಡು ಮುಂದಕ್ಕೆ ಹೋಗುವಾಗ ಬಂದೂಕು ಅಷ್ಟೇ ಬಲದಿಂದ ನಿಮ್ಮ ಕೈಯನ್ನು ಹಿಂದಕ್ಕೆ ಒದೆಯುತ್ತದೆ. ಎದುರಿನವನು ಹಾರಿ ಬೀಳುವಂತಿದ್ದರೆ ಹೊಡೆದ ನೀವೂ ಇತ್ತ ಅಂಗಾತ ಬೀಳಬೇಕಿತ್ತು.

ಹಾಗಾದರೆ ಮನುಷ್ಯ ಯಾಕೆ ಬೀಳುತ್ತಾನೆ? ಗುಂಡು ಮಿದುಳಿಗೋ ಬೆನ್ನುಹುರಿಗೋ ತಗುಲಿದರೆ ಅಲ್ಲಿಗೆ ಮುಗಿಯಿತು. ಬೇರೆ ಎಲ್ಲಿ ತಗುಲಿದರೂ ರಕ್ತ ಹೋಗಿ ಬೀಳಬೇಕು, ಅದಕ್ಕೆ ಸಮಯ ಬೇಕು. ಹೃದಯಕ್ಕೇ ತಗುಲಿದರೂ ಮಿದುಳಿನಲ್ಲಿ ಉಳಿದ ಆಮ್ಲಜನಕದಿಂದ 10-15 ಸೆಕೆಂಡು ಕೈಕಾಲು ಆಡಬಹುದು. ಕೆಲವರು ಕಾಲಿಗೆ ತಗುಲಿದ ಹೆದರಿಕೆಗೇ ಕುಸಿಯುತ್ತಾರೆ. ಇನ್ನು ಕೆಲವರು ನಾಲ್ಕು ಗುಂಡು ತಿಂದೂ ಓಡುತ್ತಾರೆ. ಇದನ್ನು ಮುಂಚಿತವಾಗಿ ಹೇಳುವ ಬೋರು ಇಲ್ಲ.

ಈ ಜಗಳ ಹೊಸದಲ್ಲ. ಫಿಲಿಪ್ಪೀನ್ಸಿನ ಮೊರೊ ಹೋರಾಟಗಾರರು ನಮ್ಮ ಸೈನಿಕರ .38 ರಿವಾಲ್ವರಿನ ಗುಂಡು ತಿಂದೂ ಮೇಲೇರಿ ಬರುತ್ತಾರೆ ಎಂದು ಅಮೆರಿಕದ ಸೈನ್ಯ ದೂರಿತು. ಅದಕ್ಕೆ 1904ರಲ್ಲಿ ಥಾಂಪ್ಸನ್ ಮತ್ತು ಲಾಗಾರ್ಡ್ ಎಂಬ ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಯಲ್ಲಿ ದನಗಳಿಗೆ ಹೊಡೆದು ನೋಡಿದರು. .45ಕ್ಕಿಂತ ಕಮ್ಮಿ ಬೇಡ ಎಂದರು. ಒಂದೊಂದು ದನ ಒಂದೊಂದು ತರಹ ಬಿದ್ದಿತ್ತು, ಅದನ್ನು ಯಾರೂ ಹೆಚ್ಚು ವಿಚಾರಿಸಲಿಲ್ಲ. ಆಮೇಲೆ 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗವಾಯಿತು. ಒಬ್ಬ ದರೋಡೆಕೋರನಿಗೆ ತಗುಲಿದ 9 ಎಂಎಂ ಗುಂಡು ತೋಳನ್ನು ದಾಟಿ ಎದೆಗೆ ಹೊಕ್ಕು, ಹೃದಯಕ್ಕೆ ಸ್ವಲ್ಪ ಈಚೆಗೆ ನಿಂತುಬಿಟ್ಟಿತು. ಅವನು ಮುಂದುವರಿದು ಹೊಡೆದ. ಇಬ್ಬರು ಏಜೆಂಟರು ಸತ್ತರು.

ಅದರಿಂದ ಎಫ್‌ಬಿಐ ಕಲಿತದ್ದು ಆಳದ ಪಾಠ. ಮಾಂಸದ ಬದಲಿಗೆ ಪರೀಕ್ಷೆಗೆ ಇಡುವ ಜೆಲಟಿನ್ ಗಟ್ಟಿಗೆ ಹೊಡೆದರೆ ಗುಂಡು ಕನಿಷ್ಠ 12 ಇಂಚು, ಹೆಚ್ಚೆಂದರೆ 18 ಇಂಚು ಒಳಗೆ ಹೋಗಬೇಕು ಎಂದು ಅಳತೆ ಇಟ್ಟಿತು. ಕಮ್ಮಿ ಹೋದರೆ ಮುಖ್ಯ ಜಾಗ ತಲುಪುವುದಿಲ್ಲ, ಜಾಸ್ತಿ ಹೋದರೆ ಹಿಂದೆ ನಿಂತವನಿಗೆ ತಗುಲುತ್ತದೆ. ಮೊದಲು ದೊಡ್ಡ ಬೋರುಗಳಿಗೆ ಹೋದರು, 10 ಎಂಎಂ, .40. ಕೊನೆಗೆ ಸುತ್ತಿ ಬಳಸಿ 9 ಎಂಎಂಗೇ ಮರಳಿದರು. ಒದೆತ ಕಮ್ಮಿ, ಹೆಚ್ಚು ಜನಕ್ಕೆ ನೇರ ಹೊಡೆಯಲು ಬರುತ್ತದೆ, ಗುಂಡಿನ ತಯಾರಿಕೆಯೂ ಸುಧಾರಿಸಿದೆ ಎಂಬ ಕಾರಣಕ್ಕೆ. ಎಲ್ಲ ತೋಟೆಯೂ (ಗುಂಡು, ಮದ್ದು ಕೂಡಿಸಿದ ಹಿತ್ತಾಳೆ ಕೊಳವೆ) ಒಂದೇ ಎಂದು ನಾನು ಹೇಳುತ್ತಿಲ್ಲ. 9 ಎಂಎಂನ ಶಕ್ತಿ ಸುಮಾರು 490 ಜೂಲ್, ನಮ್ಮ .32ರದ್ದು 150ರ ಹತ್ತಿರ. ಮೂರು ಪಟ್ಟು ವ್ಯತ್ಯಾಸ ಸುಳ್ಳಲ್ಲ. ಆದರೆ ಅದು ಸರಿಯಾದ ಜಾಗಕ್ಕೆ ತಗುಲಿದರೆ ಮಾತ್ರ ಬರುವ ಲಾಭ.

ಇನ್ನು ನಮ್ಮ ದೇಶದಲ್ಲಿ ಈ ಚರ್ಚೆಯೇ ಸುಮ್ನೆ. ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ 9 ಎಂಎಂ, .45, .455, .380 ಎಲ್ಲ ನಿಷೇಧಿತ ಬೋರುಗಳು. ಸಾಮಾನ್ಯ ಲೈಸನ್ಸಿನವರಿಗೆ ಸಿಗುವುದು .32, .22, .25 ಇಂಥವು. ಮೊಬೈಲಿನಲ್ಲಿ ಅಮೆರಿಕದವರ ವಿಡಿಯೋ ನೋಡಿ ನನ್ನ ಹತ್ತಿರ ವಾದಕ್ಕೆ ಬರಬೇಡಿ. ಅವರಿಗೆ ಅಂಗಡಿಯ ಗೋಡೆ ತುಂಬ ಆಯ್ಕೆ. ನಿಮಗೆ ಕಾನ್ಪುರದ ಕಾರ್ಖಾನೆಯ ರಿವಾಲ್ವರ್. 2014ರಲ್ಲಿ ಬಂದ 'ನಿರ್ಭೀಕ್' ಸುಮಾರು ಅರ್ಧ ಕಿಲೋ ತೂಗುವ ಟೈಟಾನಿಯಂ ಮಿಶ್ರಲೋಹದ ರಿವಾಲ್ವರ್, ಆಗಲೇ ಬೆಲೆ 1.22 ಲಕ್ಷದ ಆಸುಪಾಸು. 2023ರಲ್ಲಿ 'ಪ್ರಬಲ್' ಬಂತು. 50 ಮೀಟರ್ ರೇಂಜ್ ಎಂದು ಪೇಪರಿನಲ್ಲಿ ಬಂದದ್ದೇ ತಡ, ನನಗೆ ಫೋನೋ ಫೋನು. 50 ಮೀಟರ್ ದೂರದಲ್ಲಿರುವವನು ನಿಮ್ಮ ಜೀವಕ್ಕೆ ಏನು ಮಾಡುತ್ತಾನೆ? ಅಲ್ಲಿಂದ ಬಾಗಿಲು ಹಾಕಿಕೊಂಡು ಪೊಲೀಸರಿಗೆ ಫೋನ್ ಮಾಡುವಷ್ಟು ಸಮಯವಿದೆ.

ನಂಬರಿನ ಗೊಂದಲವೂ ಇದೆ. "ಹನ್ನೆರಡು ಬೋರಿಗಿಂತ ಮೂವತ್ತೆರಡು ದೊಡ್ಡದಲ್ವಾ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಹನ್ನೆರಡು ಬೋರಿನ ಕೋವಿಯ ನಳಿಗೆಯಷ್ಟೇ ಅಗಲದ 12 ಸೀಸದ ಉಂಡೆ ಸೇರಿದರೆ ಒಂದು ಪೌಂಡು ತೂಕ. ಅದರ ಅಗಲ 18.5 ಮಿಲಿಮೀಟರ್. ಪಾಯಿಂಟ್ ಮೂವತ್ತೆರಡು ಎಂದರೆ ಇಂಚಿನ ನೂರರಲ್ಲಿ ಮೂವತ್ತೆರಡು ಪಾಲು, ಸುಮಾರು 8 ಮಿಲಿಮೀಟರ್. ಎರಡೂ ಬೇರೆ ಬೇರೆ ಲೆಕ್ಕ. 2022ರಲ್ಲಿ ಕೇರಳ ಸರಕಾರ ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟ ಮೇಲೆ, ರಿವಾಲ್ವರಿನಿಂದ ಹಂದಿಗೆ ಹೊಡೆಯಬಹುದಾ ಎಂದು ಕೇಳುವವರೂ ಬಂದರು. ಬೇಡ ಸ್ವಾಮಿ. ಗಾಯಗೊಂಡ ಹಂದಿ ಅಡಿಕೆ ತೋಟದಲ್ಲಿ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ. ಆ ಕೆಲಸಕ್ಕೆ ಕೋವಿ ಇದೆ, ಅನುಮತಿ ಪಡೆದ ಈಡುಗಾರರಿದ್ದಾರೆ.

ಬದಿಯಡ್ಕ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ನನಗೆ ಬೇಕಾದವರು. ಅವರೊಮ್ಮೆ ರಿವಾಲ್ವರ್ ತಂದು, "ಇದು ಸಣ್ಣದಾಯಿತು, ಬೇರೆ ಬೋರು ಮಾಡಿಸೋಣವಾ?" ಎಂದರು.

"ಎಷ್ಟು ಸಲ ಹೊಡೆದು ನೋಡಿದ್ದೀರಿ ಭಟ್ರೇ?" ಎಂದೆ.

"ಹೊಡೆಯುವುದಾ? ಹೊಸತು ಮಾರಾಯ್ರೇ, ಸುಮ್ನೆ ಹಾಳು ಮಾಡುವುದು ಯಾಕೆ?"

ಖಾಲಿ ಇದೆಯೇ ಎಂದು ಇಬ್ಬರೂ ಎರಡೆರಡು ಸಲ ನೋಡಿದೆವು. ನಳಿಗೆಯನ್ನು ಕೆಂಪುಕಲ್ಲಿನ ಗೋಡೆಯ ಕಡೆ ತಿರುಗಿಸಿ, ಅದರ ಮೇಲೊಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಎಳೆಯಲು ಹೇಳಿದೆ. ಕುದುರೆ, ಅಂದರೆ ತೋಟೆಗೆ ಹಿಂದಿನಿಂದ ಬಡಿಯುವ ಸುತ್ತಿಗೆ, ಹಿಂದಕ್ಕೆ ಹೋಗುವ ಮೊದಲೇ ನಾಣ್ಯ ನೆಲಕ್ಕೆ. ಮತ್ತೆ ಇಟ್ಟೆ, ಮತ್ತೆ ನೆಲಕ್ಕೆ. ಈ ರಿವಾಲ್ವರುಗಳ ಟ್ರಿಗರ್ ಗಟ್ಟಿ. ಒಂದು ಬೆರಳಿನಿಂದ ಎಳೆಯುವಾಗ ಇಡೀ ಕೈ ಹಿಂಡಿಕೊಳ್ಳುತ್ತದೆ. ಗುರಿ ನೋಡುವ ಮುಂದಿನ ಕೊಂಡಿಗೂ ಹಿಂದಿನದಕ್ಕೂ ನಡುವೆ ಹತ್ತು ಸೆಂಟಿಮೀಟರ್ ಇದ್ದರೆ, ನಳಿಗೆಯ ತುದಿ ಬರೀ 2 ಮಿಲಿಮೀಟರ್ ಅತ್ತಿತ್ತ ಹೋದರೂ ಸಾಕು. 5 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. ಇದು ಹಗಲಲ್ಲಿ, ಫ್ಯಾನಿನಡಿ, ಚಹಾ ಕುಡಿದು ಕುಳಿತಾಗ. ರಾತ್ರಿ ಎರಡು ಗಂಟೆಗೆ, ಎದೆ ಬಡಿದುಕೊಳ್ಳುವಾಗ ಎಷ್ಟು ತಪ್ಪಬಹುದು, ನೀವೇ ಹೇಳಿ. .45 ಕೊಟ್ಟಿದ್ದರೂ ಅವರದ್ದು ತಪ್ಪುತ್ತಲೇ ಇತ್ತು, ಒದೆತ ಜಾಸ್ತಿಯಾಗಿ ಇನ್ನೂ ತಪ್ಪುತ್ತಿತ್ತು.

ಭಟ್ಟರು ಈಗ ಮನೆಯಲ್ಲಿ ಡಮ್ಮಿ ತೋಟೆ ಹಾಕಿ ನಾಣ್ಯದ ಅಭ್ಯಾಸ ಮಾಡುತ್ತಾರೆ, ಆಗಾಗ ರೈಫಲ್ ಕ್ಲಬ್ಬಿಗೆ ಹೋಗಿ ನಿಜವಾದ್ದನ್ನೂ ಹೊಡೆಯುತ್ತಾರೆ. ಬೋರಿನ ಮಾತು ಬಿಟ್ಟಿದ್ದಾರೆ. (.22 ಇರುವವರು ಖಾಲಿ ಕುದುರೆ ಬಡಿಸಬೇಡಿ. ಪಿನ್ನು ಚೇಂಬರಿನ ಅಂಚಿಗೆ ಬಡಿದು ಹಾಳಾಗುತ್ತದೆ.)

ಅವತ್ತು ಅವರ ತೋಟೆಗಳನ್ನೂ ನೋಡಿದೆ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟಿದ್ದರು, ಎರಡು ಮಳೆಗಾಲ ಕಳೆದಿತ್ತು. ಹಿತ್ತಾಳೆಯ ಮೇಲೆ ಹಸಿರು ಪಾಚಿಯಂಥ ಕಿಲುಬು, ಉಗುರಿನಿಂದ ಕೆರೆದರೆ ಕೆಳಗೆ ಸಣ್ಣ ಸಣ್ಣ ಗುಳಿ. ಚರ್ಮ ನಮ್ಮ ಕರಾವಳಿಯ ತೇವ ಹೀರುತ್ತದೆ, ಹದ ಮಾಡಿದ ರಾಸಾಯನಿಕ ಹಿತ್ತಾಳೆಯನ್ನು ತಿನ್ನುತ್ತದೆ. ಸಾಲದ್ದಕ್ಕೆ ರಿವಾಲ್ವರಿಗೆ ತೆಂಗಿನೆಣ್ಣೆ! ತೆಂಗಿನೆಣ್ಣೆ ದಿನ ಕಳೆದಂತೆ ಅಂಟಾಗುತ್ತದೆ, ತೋಟೆಯ ಹಿಂದಿನ ಕ್ಯಾಪಿಗೆ ಇಳಿದರೆ ಮದ್ದು ಹೊತ್ತದೆಯೂ ಇರಬಹುದು. ಬಂದೂಕಿನ ಎಣ್ಣೆಯನ್ನೇ ಬಳಸಿ, ಚಿಂದಿಯಿಂದ ಒರೆಸಿ ಒಣಗಿಸಿ, ತೋಟೆಯನ್ನು ಡಬ್ಬಿಯಲ್ಲಿ ಬೇರೆಯಾಗಿ ಇಡಿ. ಹಳೆಯ ತೋಟೆ ಹೊಡೆದಾಗ 'ಠಪ್' ಎಂದು ಸಣ್ಣ ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಮುಂದಿನದನ್ನು ಹೊಡೆದರೆ ನಳಿಗೆ ಒಡೆದು ಕೈಗೆ ಬರುತ್ತದೆ. ಸದ್ದೇ ಬರದಿದ್ದರೆ ಮೂತಿ ಕದಲಿಸದೆ ಅರ್ಧ ನಿಮಿಷ ಹಾಗೇ ಹಿಡಿಯಿರಿ. ತಡವಾಗಿ ಹೊತ್ತುವ ತೋಟೆಗಳೂ ಇವೆ.

.32ರಲ್ಲಿ ಎರಡು ಜಾತಿ ಇದೆ. ರಿವಾಲ್ವರಿನದ್ದು ಉದ್ದ, ಹಿಂದೆ ಅಂಚು ಎದ್ದು ಕಾಣುತ್ತದೆ. ಪಿಸ್ತೂಲಿನದ್ದು ಗಿಡ್ಡ, ಅದರ ಹೆಸರು .32 ಎಸಿಪಿ. ಗಿಡ್ಡದ್ದು ರಿವಾಲ್ವರಿನೊಳಗೂ ಕೂತುಬಿಡುತ್ತದೆ. ಕೂರುತ್ತದೆ ಎಂದು ಹೊಡೆಯಬೇಡಿ, ಅದರ ಒತ್ತಡ ಜಾಸ್ತಿ. ಖರೀದಿಸುವಾಗ ತೋಟೆಯ ತಳದ ಮುದ್ರೆ ಓದಿ.

ಹಾಲೋ ಪಾಯಿಂಟ್ ಸಿಗುತ್ತದಾ ಎಂದೂ ಕೇಳುತ್ತಾರೆ, ತುದಿಯಲ್ಲಿ ಗುಳಿ ಇದ್ದು ಒಳಗೆ ಹೋಗಿ ಅರಳುವ ಗುಂಡು. ಅರಳುವ ಗುಂಡಿಗೆ ಹೆಸರು ತಂದದ್ದು ನಮ್ಮ ಕಲ್ಕತ್ತೆಯ ಹತ್ತಿರದ ದಮ್‌ದಮ್ ಕಾರ್ಖಾನೆ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನು ಬೇಡ ಎಂದಿತು. ಪೊಲೀಸರು ಹಲವು ದೇಶಗಳಲ್ಲಿ ಬಳಸುತ್ತಾರೆ, ಅರಳಿದರೆ ಆಚೆ ತೂರಿ ಹೋಗುವುದು ಕಮ್ಮಿ. ಆದರೆ ಅರಳಲು ವೇಗ ಬೇಕು. .32ರ ನಿಧಾನಕ್ಕೆ ಅರಳುವುದೇ ಸಂಶಯ, ಅರಳಿದರೆ ಆಳಕ್ಕೆ ಹೋಗುವುದು ಸಂಶಯ. ಇಲ್ಲಿ ರಿವಾಲ್ವರಿಗೆ ಸಿಗುವುದು ಹೆಚ್ಚಾಗಿ ದುಂಡು ಮೂತಿಯ ಸೀಸದ ಗುಂಡು. ಅದೇ ಸಾಕು. ಫೈಲಿನಿಂದ ತಿಕ್ಕಿ ಮೂತಿ ಕೊರೆಯುವ ಜಾಣತನ ಬೇಡ. ಹಾಗೆ ಮಾಡಿ ತಂದವರನ್ನು ನಾನು ಗದರಿಸಿ ಕಳಿಸಿದ್ದೇನೆ.

ಕಾನೂನಿನ ಮಾತಿಗೆ ವಕೀಲರನ್ನೇ ಕೇಳಬೇಕು. ನನಗೆ ತಿಳಿದಷ್ಟು ಹೇಳುತ್ತೇನೆ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37 ಹೇಳುತ್ತದೆ. ಕಳ್ಳ ಬೆನ್ನು ತಿರುಗಿಸಿ ಓಡುವಾಗ ಹೊಡೆದರೆ ಅದು ಯಾವ ಬೋರು ಎಂದು ಕೋರ್ಟು ಕೇಳುವುದಿಲ್ಲ, ಯಾಕೆ ಹೊಡೆದೆ ಎಂದು ಕೇಳುತ್ತದೆ. ತಪ್ಪಿದ ಗುಂಡು ತಗಡು, ಹಲಗೆಯ ಬಾಗಿಲು ತೂರಿಕೊಂಡು ಹೋಗುತ್ತದೆ. ಆಚೆ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ.

ಹಾಂ, ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೋ ಅಂಗಡಿಗೋ ಒಪ್ಪಿಸಲು ಹೇಳುತ್ತಾರಲ್ಲ, ಆಗ ರಶೀದಿ ಮರೆಯಬೇಡಿ. ವಾಪಸು ಬಂದ ಮೇಲೆ ಒಮ್ಮೆ ನನ್ನ ಹತ್ತಿರ ತನ್ನಿ, ತೇವ ಹಿಡಿದಿರುತ್ತದೆ. ತರುವಾಗ ಲೈಸನ್ಸ್ ಪುಸ್ತಕ ಇರಲಿ, ರಿವಾಲ್ವರ್ ಖಾಲಿ ಇರಲಿ, ತೋಟೆ ಬೇರೆ ಪೊಟ್ಟಣದಲ್ಲಿರಲಿ. ತುಂಬಿಸಿದ ರಿವಾಲ್ವರನ್ನು ಸೊಂಟದಿಂದ ಎಳೆದು ನನ್ನ ಹೊಟ್ಟೆಯ ಕಡೆ ಮೂತಿ ಮಾಡಿ ಮೇಜಿನ ಮೇಲಿಟ್ಟು "ಒಮ್ಮೆ ನೋಡಿ ಅಣ್ಣಾ" ಅನ್ನುವವರು ಮುಂದಿನ ಸಲ ಬೇರೆ ಅಂಗಡಿ ನೋಡಿಕೊಳ್ಳಿ.