ಹದಿನಾಲ್ಕು ಆಣೆಯ ಕವರು: ಯುದ್ಧಕಾಲದ ವ್ಯಾಪಾರಿ ಲಕೋಟೆ ಓದುವುದು ಹೇಗೆ

ಬೊಂಬಾಯಿಯ ಹತ್ತಿ ಕಂಪನಿಯೊಂದು 1940ರ ಕೊನೆಯಲ್ಲಿ ಲಂಡನ್ನಿಗೆ ಬರೆದ ಏರ್‌ಮೇಲ್ ಕವರು ನಿಮ್ಮ ಮುಂದಿದೆ ಎಂದಿಟ್ಟುಕೊಳ್ಳಿ. ಮೊದಲು ಅಂಚೆಚೀಟಿಗಳ ಬೆಲೆ ಕೂಡಿಸಿ.

ಎರಡನೇ ಮಹಾಯುದ್ಧಕ್ಕೆ ಮುಂಚೆ ಅರ್ಧ ಔನ್ಸಿನ ಕಾಗದ ವಿಮಾನದಲ್ಲಿ ಇಂಗ್ಲೆಂಡಿಗೆ ಹೋಗಲು ಎರಡೂವರೆ ಆಣೆ ಸಾಕಿತ್ತು. 1939ರ ಸೆಪ್ಟೆಂಬರಿನಲ್ಲಿ ಆ ಅಗ್ಗದ ವ್ಯವಸ್ಥೆ ನಿಂತು, ದರ ಒಮ್ಮೆಲೇ 14 ಆಣೆಗೆ ಏರಿತು. ಆಗ 14 ಆಣೆಯ ಚೀಟಿಯೇ ಇರಲಿಲ್ಲ. 12ಕ್ಕೆ 2, ಅಥವಾ 8ಕ್ಕೆ 6 ಸೇರಿಸಿ ಅಂಟಿಸಬೇಕಿತ್ತು. ವಿಮಾನದ ಚಿತ್ರದ 14 ಆಣೆಯ ಚೀಟಿ ಬಂದದ್ದು 1940ರ ಅಕ್ಟೋಬರಿನಲ್ಲಿ. ಅದರ ಮೇಲೆ ಇನ್ನೂ ಹಿಂದಿನ ತಾರೀಕು ಕಂಡರೆ ಮೊಹರಿನ ವರ್ಷವನ್ನು ಮತ್ತೊಮ್ಮೆ ಓದಿ. ಅಸ್ಪಷ್ಟ ಮೊಹರಿನಲ್ಲಿ 40 ಮತ್ತು 46 ಸುಲಭವಾಗಿ ಅದಲುಬದಲಾಗುತ್ತವೆ.

ಇನ್ನು ದಾರಿ. 1940ರ ಜೂನ್ 10ರಂದು ಇಟಲಿ ಯುದ್ಧಕ್ಕಿಳಿದ ಮೇಲೆ ಮೆಡಿಟರೇನಿಯನ್ ಮೇಲಿನ ವಿಮಾನ ಮಾರ್ಗ ಮುಚ್ಚಿತು. ಅಂಚೆ ಕರಾಚಿ, ಕೈರೋ ಮೂಲಕ ಡರ್ಬನ್‌ವರೆಗೆ ಹಾರಿ, ಅಲ್ಲಿಂದ ಹಡಗು ಹತ್ತಿ ಬ್ರಿಟನ್ ಸೇರುತ್ತಿತ್ತು. ಎಷ್ಟು ದಿನ ಹಿಡಿಯಿತೆಂದು ಲೆಕ್ಕ ಹಾಕಲು ಹಿಂಬದಿಯಲ್ಲಿ ತಲುಪಿದ ಮೊಹರು ಬೇಕು. ಬ್ರಿಟನ್ನಿಗೆ ಹೋದ ಸಾದಾ ಕಾಗದಗಳಲ್ಲಿ ಅದು ಸಿಗುವುದು ಅಪರೂಪ, ಹಾಗಾಗಿ ರಿಜಿಸ್ಟರ್ಡ್ ಕವರನ್ನೇ ಹುಡುಕಿ. ಭಾರತಕ್ಕೆ ಬಂದ ಕಾಗದಗಳಲ್ಲಿ ಬಟವಾಡೆಯ ಮೊಹರು ಸಾಮಾನ್ಯವಾಗಿ ಇರುತ್ತದೆ.

ಹೆಚ್ಚು ಜನ ಎಡವುವುದು ಸೆನ್ಸಾರ್ ಪಟ್ಟಿಯಲ್ಲಿ, ಅಂದರೆ ಯುದ್ಧಕಾಲದಲ್ಲಿ ಸರ್ಕಾರದ ಪರೀಕ್ಷಕರು ಕವರು ಒಡೆದು ಓದಿ, ಮತ್ತೆ ಮುಚ್ಚಲು ಅಂಟಿಸುತ್ತಿದ್ದ ಚೀಟಿಯಲ್ಲಿ. ‘ಓಪನ್ಡ್ ಬೈ ಎಕ್ಸಾಮಿನರ್’ ಎಂದು ಅಚ್ಚಾದ ಕಾಗದದ ಪಟ್ಟಿ ಸಾಮಾನ್ಯವಾಗಿ ಒಂದು ಪಕ್ಕದ ಅಂಚನ್ನು ಸುತ್ತಿಕೊಂಡಿರುತ್ತದೆ. ಬ್ರಿಟನ್ನಿನದಾದರೆ ಸಣ್ಣಕ್ಷರದಲ್ಲಿ ‘ಪಿ.ಸಿ. 90’ ಎಂದಿರುತ್ತದೆ, ಜೊತೆಗೆ ಪರೀಕ್ಷಕರ ಸಂಖ್ಯೆ. ಕವರನ್ನು ಬೆಳಕಿಗೆ ಹಿಡಿಯಿರಿ: ಪಟ್ಟಿಯ ಅಡಿಯಲ್ಲಿ ಚಾಕುವಿನಿಂದ ಸೀಳಿದ ಗೆರೆ ಕಾಣಬೇಕು. ಸೀಳೇ ಇಲ್ಲದೆ ಪಟ್ಟಿ ಇದ್ದರೆ ಅನುಮಾನ ಪಡಿ. ಕಳಿಸಿದ ಊರಿನ ಮೊಹರಿನ ಶಾಯಿ ಪಟ್ಟಿಯ ಮೇಲೆ ಹರಿದಿದ್ದರೂ ಹಾಗೆಯೇ, ಏಕೆಂದರೆ ಮೊಹರು ಮೊದಲು, ಸೆನ್ಸಾರ್ ಆಮೇಲೆ. ತಲುಪಿದ ಊರಿನ ಮೊಹರಾದರೆ ಪಟ್ಟಿಯ ಮೇಲೆ ಬೀಳಬಹುದು. ನೇರಳಾತೀತ ದೀಪದಡಿ ಪಟ್ಟಿ ನೀಲಿಬಿಳುಪಾಗಿ ಹೊಳೆದರೆ ಪಟ್ಟಿಯ ಕಾಗದ ಯುದ್ಧಾನಂತರದ್ದು. ಪರೀಕ್ಷೆಗೆಂದು ಪಟ್ಟಿಯನ್ನು ಒದ್ದೆಮಾಡಿ ಬಿಡಿಸಬೇಡಿ, ಸಾಕ್ಷ್ಯವೇ ಹೋಗುತ್ತದೆ.

ಅಚ್ಚುಕಟ್ಟಾಗಿ ಇಡೀ ಸೆಟ್, ಅಂದರೆ ಒಂದು ಸರಣಿಯ ಎಲ್ಲ ಬೆಲೆಯ ಚೀಟಿಗಳನ್ನೂ, ಅಂಟಿಸಿದ ಕವರು ಸಂಗ್ರಾಹಕರಿಗೆಂದೇ ಮಾಡಿದ್ದು. ಅದರಿಂದ ದರ ತಿಳಿಯದು. ಕಂಪನಿಯ ಹೆಸರು ಅಚ್ಚಾದ, ಫೈಲಿಗೆ ಚುಚ್ಚಿದ ತೂತಿರುವ, ಚೀಟಿಯಲ್ಲಿ ಕಂಪನಿಯ ಮೊದಲಕ್ಷರಗಳು ಸಣ್ಣ ರಂಧ್ರಗಳಾಗಿ ಕೊರೆದಿರುವ ಕೊಳಕು ಕವರೇ ನಂಬಿಕಸ್ತ. ಆ ರಂಧ್ರಗಳಿದ್ದದ್ದು ನೌಕರರು ಚೀಟಿ ಕದ್ದು ಮಾರದಿರಲೆಂದು. ಗುಮಾಸ್ತ ದರಕ್ಕಿಂತ ಒಂದು ಪೈ ಹೆಚ್ಚು ಅಂಟಿಸುತ್ತಿರಲಿಲ್ಲ.